ಸೇಂಟ್ ಕಿಲ್ಡಾ ದ್ವೀಪದ ಹಳೆಯ ಚಿತ್ರಗಳು



ನಮ್ಮಲ್ಲಿ ಅನೇಕರ ಮನೆಗಳಲ್ಲಿ ನಡುಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಹಳೆಯ ಭಾವಚಿತ್ರವಿರುವುದುಂಟು. ಅಜ್ಜನವರು ಕುರ್ಚಿಯ ಮೇಲೆ ಕುಳಿತಿರುತ್ತಾರೆ. ಅಜ್ಜಿಯವರು ಪಕ್ಕದಲ್ಲಿ ನಿಂತಿರುತ್ತಾರೆ. ಮುಂದೆ ನೆಲದ ಮೇಲೆ ಕುಳಿತ ಮಕ್ಕಳಲ್ಲಿ ಒಂದು ಮಗು ಅಲುಗಾಡಿದುದರಿಂದ ಅದರ ಮುಖ ಮಸುಕಾಗಿರುತ್ತದೆ. ಮಸುಕಾದ ಆ ಮಗುವೇ ಮುಂದೆ ನಮ್ಮ ತಂದೆಯಾಯಿತೆಂದು ಯಾರಾದರೂ ಹೇಳಿದಾಗ, ನಾವು ಆ ಚಿತ್ರದ ಮುಂದೆ ಇನ್ನೊಂದು ಗಳಿಗೆ ನಿಲ್ಲುತ್ತೇವೆ. ಎದೆಯೊಳಗೆ ಏನೋ ಒಂದು ಮಿಡಿಯುತ್ತದೆ. ಅದನ್ನು ಹಂಬಲವೆನ್ನಬೇಕೆ, ಹಳಹಳಿಕೆಯೆನ್ನಬೇಕೆ, ತಿಳಿಯದು. ಕಳೆದುಹೋದುದು ಮತ್ತೆ ಬಾರದೆಂಬ ಅರಿವೂ, ಬಂದಿದ್ದರೆ ಚೆನ್ನಾಗಿತ್ತೆಂಬ ಆಸೆಯೂ ಅದರಲ್ಲಿ ಬೆರೆತಿರುತ್ತವೆ.

ತಮ್ಮವರ ಚಿತ್ರವನ್ನು ನೋಡಿ ಹೀಗಾಗುವುದು ಸಹಜ. ಆದರೆ ತಮ್ಮವರಲ್ಲದವರ, ತಾವು ಎಂದೂ ಕಾಣದ ನಾಡಿನವರ ಚಿತ್ರಗಳನ್ನು ನೋಡಿದಾಗಲೂ ಇದೇ ಭಾವ ಉಂಟಾಗುವುದಾದರೆ, ಅದಕ್ಕೆ ಕಾರಣವೇನು? ಅಂಥ ಭಾವವನ್ನು ಎಷ್ಟರಮಟ್ಟಿಗೆ ನಂಬಬಹುದು? ಇದೇ ಇಂದಿನ ನಮ್ಮ ಭಾಷಣದ ವಿಷಯ. ಕೆಲವು ದಿನಗಳಿಂದ ನಾವು ಒಂದು ದ್ವೀಪದ ಜನರ ಹಳೆಯ ಛಾಯಾಚಿತ್ರಗಳ ಪ್ರತಿಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡುತ್ತಿದ್ದೇವೆ. ಆಕಾಶವಾಣಿಯ ಮೂಲಕ ಚಿತ್ರಗಳನ್ನು ತೋರಿಸುವುದಕ್ಕಾಗುವುದಿಲ್ಲ. ಆದಕಾರಣ ಮಾತಿನಿಂದಲೇ ಅವುಗಳನ್ನು ನಿಮ್ಮ ಕಣ್ಣಮುಂದೆ ತರಲು ಯತ್ನಿಸುತ್ತೇವೆ.

ಆ ದ್ವೀಪದ ಹೆಸರು ಸೇಂಟ್ ಕಿಲ್ಡಾ. ಒಂದೇ ದ್ವೀಪವೆಂದು ಹೇಳುವುದು ವಾಡಿಕೆಯಾದರೂ ಅದು ಕೆಲವು ದ್ವೀಪಗಳ ಗುಂಪು. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಹೆಬ್ರಿಡೀಸ್ ದ್ವೀಪಗಳಿವೆ. ಅವುಗಳಿಂದಲೂ ಇನ್ನೂ ಪಶ್ಚಿಮಕ್ಕೆ, ಸುಮಾರು 40 ಮೈಲಿಗಳ ದೂರದಲ್ಲಿ, ಅಟ್ಲಾಂಟಿಕ್ ಮಹಾಸಾಗರದ ನಡುವೆ ಈ ಬಂಡೆಗಳು ಮೇಲೆದ್ದು ನಿಂತಿವೆ. ಇವುಗಳಲ್ಲಿ ಹಿರ್ಟಾ ಎಂಬುದು ದೊಡ್ಡದು. ಜನರು ವಾಸವಾಗಿದ್ದುದು ಅದರಲ್ಲಿಯೇ. ಅದರ ಒಂದು ಪಾರ್ಶ್ವದಲ್ಲಿ ಕಡಲು ಒಳಕ್ಕೆ ಬಾಗಿ ಒಂದು ಕೊಲ್ಲಿಯಾಗಿದೆ. ಆ ಕೊಲ್ಲಿಯ ದಡದಲ್ಲಿ ಊರು. ಮತ್ತೊಂದು ಪಾರ್ಶ್ವದಲ್ಲಿ ಸುಮಾರು 1,400 ಅಡಿಗಳಷ್ಟು ಎತ್ತರವಾದ ಬಂಡೆಯ ಗೋಡೆ ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ. ಬ್ರಿಟನ್ನಿನಲ್ಲಿ ಇದಕ್ಕಿಂತ ಎತ್ತರವಾದ ಕಡಲ ಪ್ರಪಾತವಿಲ್ಲ. ದ್ವೀಪದಲ್ಲಿ ಮರವೆಂಬುದೇ ಇರಲಿಲ್ಲ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಡಗುಗಳು ಅತ್ತ ಸುಳಿಯುತ್ತಿರಲಿಲ್ಲ. ಆದರೂ ಅಲ್ಲಿ ಶತಮಾನಗಳ ಕಾಲ ಜನರಿದ್ದರು. ಗೇಲಿಕ್ ಭಾಷೆಯನ್ನಾಡುತ್ತ, ಬಾರ್ಲಿ ಓಟುಗಳನ್ನು ಬೆಳೆಯುತ್ತ, ಕುರಿಗಳನ್ನು ಸಾಕುತ್ತ, ಎಲ್ಲಕ್ಕಿಂತ ಹೆಚ್ಚಾಗಿ ಕಡಲಹಕ್ಕಿಗಳನ್ನು ಹಿಡಿಯುತ್ತ ಬಾಳಿದರು. 1697ರಲ್ಲಿ ಅಲ್ಲಿಗೆ ಹೋಗಿದ್ದ ಮಾರ್ಟಿನ್ ಮಾರ್ಟಿನ್ ಎಂಬಾತ ಜನಸಂಖ್ಯೆ 180 ಎಂದು ಬರೆದಿದ್ದಾನೆ. 1930ರಲ್ಲಿ ಅದು 36ಕ್ಕೆ ಇಳಿದಿತ್ತು. ಆ ವರ್ಷವೇ ಅವರೆಲ್ಲರೂ ದ್ವೀಪವನ್ನು ಬಿಟ್ಟು ಹೊರಟುಹೋದರು.

ಇಷ್ಟು ಚಿಕ್ಕ ಊರಿನ ಚಿತ್ರಗಳು ಇಷ್ಟೊಂದು ಉಳಿದಿರುವುದೇ ಒಂದು ಆಶ್ಚರ್ಯ. ಅಲ್ಲಿ ಮೊದಲು ಛಾಯಾಚಿತ್ರಗಳನ್ನು ತೆಗೆದವರು 1860ರಲ್ಲಿ ಅಲ್ಲಿಗೆ ಹೋದ ನೌಕಾದಳದ ಕ್ಯಾಪ್ಟನ್ ಥಾಮಸ್ ಅವರೆಂದು ತಿಳಿದುಬರುತ್ತದೆ. ಆ ಕಾಲದಲ್ಲಿ ಚಿತ್ರ ತೆಗೆಯುವುದು ಎಷ್ಟು ಕಷ್ಟದ ಕೆಲಸವೆಂಬುದನ್ನು ನೆನೆಯಬೇಕು. ಗಾಜಿನ ಫಲಕಕ್ಕೆ ರಾಸಾಯನಿಕ ದ್ರವವನ್ನು ಬಳಿದು, ಅದು ಒಣಗುವುದರೊಳಗಾಗಿ ಚಿತ್ರವನ್ನು ತೆಗೆದು, ಒದ್ದೆಯಾಗಿರುವಾಗಲೇ ಕತ್ತಲೆಯಲ್ಲಿ ಸಂಸ್ಕಾರ ಮಾಡಿ ಮುಗಿಸಬೇಕಾಗಿತ್ತು. 1880ರ ದಶಕದ ವೇಳೆಗೆ ಒಣ ಫಲಕಗಳು ಬಂದು ಕೆಲಸ ಸುಲಭವಾಯಿತು. ಆಗ ಅಬರ್ಡೀನ್ ನಗರದ ಜಾರ್ಜ್ ವಾಷಿಂಗ್ಟನ್ ವಿಲ್ಸನ್ ಅವರ ಸಂಸ್ಥೆಯವರು ಅಲ್ಲಿಗೆ ಛಾಯಾಗ್ರಾಹಕನನ್ನು ಕಳುಹಿಸಿದರು. ಈ ವಿಲ್ಸನ್ ವಿಕ್ಟೋರಿಯಾ ರಾಣಿಗೆ ಸ್ಕಾಟ್ಲೆಂಡಿನಲ್ಲಿ ಛಾಯಾಗ್ರಾಹಕರಾಗಿದ್ದವರು. ಅವರ ಸಂಸ್ಥೆಯ 35,000ಕ್ಕೂ ಹೆಚ್ಚು ಗಾಜಿನ ಫಲಕಗಳನ್ನು ಅಬರ್ಡೀನ್ ವಿಶ್ವವಿದ್ಯಾನಿಲಯದವರು ಈಗಲೂ ಕಾಪಾಡಿಕೊಂಡು ಬಂದಿದ್ದಾರೆ. 1896ರಲ್ಲಿ ಪಕ್ಷಿಪ್ರೇಮಿಗಳಾದ ಕಿಯರ್ಟನ್ ಸೋದರರು ಹೋದರು. ಅವರ ತರುವಾಯ ಹೀತ್‌ಕೋಟ್ ಎಂಬವರು ಹೋಗಿ, 1900ರಲ್ಲಿ ಚಿತ್ರಗಳ ಸಹಿತ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಕಡೆಯ ಬೇಸಗೆಯಲ್ಲಿ ಲಂಡನಿನ ಟೈಮ್ಸ್ ಪತ್ರಿಕೆಯ ಪರವಾಗಿ ಆಲಸ್ಡೇರ್ ಆಲ್ಪಿನ್ ಮ್ಯಾಕ್‌ಗ್ರೆಗರ್ ಅಲ್ಲಿದ್ದು ಚಿತ್ರಗಳನ್ನು ತೆಗೆದರು.

ಇವುಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದುದು ವಿಲ್ಸನ್ ಸಂಸ್ಥೆಯ ಒಂದು ಚಿತ್ರ. ಮನೆಗಳ ಸಾಲಿನ ಮುಂದಿನ ಹಾದಿಯಲ್ಲಿ ಊರಿನ ಗಂಡಸರು ಸಾಲಾಗಿ ನಿಂತಿದ್ದಾರೆ. ಬಹುಮಂದಿಗೆ ಪೊದೆಯಂಥ ಗಡ್ಡ, ತಲೆಯ ಮೇಲೆ ಉಣ್ಣೆಯ ಟೊಪ್ಪಿಗೆ, ಮೈಮೇಲೆ ತಾವೇ ನೇಯ್ದ ಒರಟು ಬಟ್ಟೆ. ಯಾರ ಮುಖದಲ್ಲಿಯೂ ನಗೆಯಿಲ್ಲ. ಈ ಚಿತ್ರಕ್ಕೆ ಹೊರಗಿನವರು ಇಟ್ಟ ಹೆಸರು ‘ಸೇಂಟ್ ಕಿಲ್ಡಾದ ಪಾರ್ಲಿಮೆಂಟು’. ಇದರಲ್ಲಿ ಸ್ವಲ್ಪ ಪರಿಹಾಸ್ಯವಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಿಷಯ ನಿಜವಾದುದೇ. ಭಾನುವಾರವೊಂದನ್ನು ಬಿಟ್ಟು ಪ್ರತಿದಿನವೂ ಬೆಳಗಿನ ಪ್ರಾರ್ಥನೆಯ ತರುವಾಯ ಊರಿನ ಗಂಡಸರೆಲ್ಲರೂ ಹೀಗೆ ಹಾದಿಯಲ್ಲಿ ಸೇರಿ, ಆ ದಿನದ ಕೆಲಸವೇನೆಂಬುದನ್ನು ಚರ್ಚಿಸುತ್ತಿದ್ದರು. ಅಲ್ಲಿ ಅಧ್ಯಕ್ಷನಿಲ್ಲ, ಕಟ್ಟಳೆಯ ಪುಸ್ತಕವಿಲ್ಲ, ಮೊದಲು ಮಾತನಾಡತಕ್ಕವನು ಇಂಥವನೇ ಎಂಬ ನಿಯಮವಿಲ್ಲ. ಚರ್ಚೆ ಕೆಲವು ದಿನ ಬೇಗನೆ ಮುಗಿಯುತ್ತಿತ್ತು. ಕೆಲವು ದಿನ ಹೊತ್ತು ಮುಳುಗುವವರೆಗೂ ನಡೆದು, ಆ ದಿನದ ಕೆಲಸವೇ ನಿಂತುಹೋಗುತ್ತಿತ್ತು. ಹೊರಗಿನಿಂದ ಬಂದ ಕೆಲಸಗಾರ ಪ್ರವೃತ್ತಿಯವರು ಇದನ್ನು ಕಂಡು ಸೋಮಾರಿತನವೆಂದರು. ಆದರೆ ದೋಣಿ ಎಲ್ಲರಿಗೂ ಸೇರಿದ್ದು. ಹಗ್ಗ ಎಲ್ಲರ ಪ್ರಾಣಕ್ಕೂ ಸಂಬಂಧಪಟ್ಟದ್ದು. ಇಂದು ಗಾಳಿ ಹೇಗಿದೆ, ಯಾವ ಬಂಡೆಗೆ ಹೋಗಬಹುದು, ಯಾರು ಹಗ್ಗದ ತುದಿಯಲ್ಲಿಳಿಯಬೇಕು, ಯಾರು ಮೇಲೆ ನಿಂತು ಹಿಡಿಯಬೇಕು ಎಂಬುದನ್ನು ಒಬ್ಬನ ಅಪ್ಪಣೆಯಿಂದ ನಿರ್ಣಯಿಸುವುದಕ್ಕಾಗುವುದಿಲ್ಲವಷ್ಟೆ.

ಇನ್ನೊಂದು ಬಗೆಯ ಚಿತ್ರಗಳಲ್ಲಿ ಹಕ್ಕಿಗಳ ಬೇಟೆಯನ್ನು ಕಾಣುತ್ತೇವೆ. ಬರಿಗಾಲಿನ ಗಂಡಸರು ಹಗ್ಗದ ಸುರುಳಿಗಳನ್ನು ಹೆಗಲ ಮೇಲೆ ಹಾಕಿಕೊಂಡು ಪ್ರಪಾತದ ಅಂಚಿನಲ್ಲಿ ನಿಂತಿದ್ದಾರೆ. ಕೆಳಗೆ ಸಮುದ್ರ ಒಂದು ಬಿಳಿಯ ಗೆರೆಯಂತೆ ಕಾಣುತ್ತದೆ. ಫಲ್ಮರ್, ಗ್ಯಾನೆಟ್, ಪಫಿನ್ ಎಂಬ ಹಕ್ಕಿಗಳೇ ಈ ಜನರಿಗೆ ಅನ್ನ. ಮಾಂಸವನ್ನೂ ಮೊಟ್ಟೆಯನ್ನೂ ತಿನ್ನುತ್ತಿದ್ದರು; ಫಲ್ಮರ್ ಹಕ್ಕಿಯ ಎಣ್ಣೆಯನ್ನು ದೀಪಕ್ಕೂ ಔಷಧಕ್ಕೂ ಉಪಯೋಗಿಸುತ್ತಿದ್ದರು; ಎಣ್ಣೆಯನ್ನೂ ತುಪ್ಪುಳನ್ನೂ ದ್ವೀಪದ ಒಡೆಯನಾದ ಮ್ಯಾಕ್ಲಿಯಡನಿಗೆ ಗೇಣಿಯ ಬದಲಾಗಿ ಕೊಡುತ್ತಿದ್ದರು. ವರ್ಷಕ್ಕೊಮ್ಮೆ ಅವನ ಪಾರುಪತ್ತೇಗಾರ ಹಡಗಿನಲ್ಲಿ ಬಂದು ಇದನ್ನೆಲ್ಲ ತೆಗೆದುಕೊಂಡು ಹೋಗುತ್ತಿದ್ದನು. ಬೇಟೆಯಿಂದ ಬಂದ ಹಕ್ಕಿಗಳನ್ನು ರಾಶಿ ಹಾಕಿ ಮನೆಮನೆಗೆ ಪಾಲು ಹಂಚುವ ಚಿತ್ರವೊಂದಿದೆ. ಬೇಟೆಗೆ ಹೋಗಲಾರದ ಮುದುಕರಿಗೂ ವಿಧವೆಯರಿಗೂ ಪಾಲು ತಪ್ಪುತ್ತಿರಲಿಲ್ಲ. ಹಕ್ಕಿಯ ಮಾಂಸವನ್ನು ಒಣಗಿಸಿಡುವುದಕ್ಕಾಗಿ ಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿ, ಮೇಲೆ ಹುಲ್ಲುಹೆಂಟೆ ಹೊದಿಸಿ ಕಟ್ಟಿದ ಪುಟ್ಟ ಗೂಡುಗಳನ್ನು ಕ್ಲೀಟ್ ಎನ್ನುತ್ತಾರೆ. ಕಲ್ಲುಗಳ ಸಂದಿಯಲ್ಲಿ ಗಾಳಿ ಹಾಯುವುದು, ಮಳೆ ಒಳಗೆ ಬಾರದು. ಇಂಥವು ಹಿರ್ಟಾ ಒಂದರಲ್ಲಿಯೇ 1,200ಕ್ಕೂ ಹೆಚ್ಚಾಗಿವೆ.

ಈ ಚಿತ್ರಗಳನ್ನು ಒಂದಾದಮೇಲೊಂದರಂತೆ ನೋಡುತ್ತ ಹೋದಹಾಗೆಲ್ಲ ಮನಸ್ಸಿನಲ್ಲಿ ಹಳಹಳಿಕೆ ತುಂಬಿಕೊಳ್ಳುತ್ತದೆ. ಆಹಾ, ಹಣವಿಲ್ಲದ ಊರು, ಪೋಲೀಸರಿಲ್ಲದ ಊರು, ಹಂಚಿಕೊಂಡು ತಿಂದ ಜನ! ಇಂಥ ಬಾಳು ಲೋಕದಿಂದ ಮಾಯವಾಯಿತಲ್ಲಾ ಎಂದು ನಿಟ್ಟುಸಿರು ಬಿಡುತ್ತೇವೆ. ನಾವೂ ಹೀಗೆಯೇ ನಿಟ್ಟುಸಿರು ಬಿಟ್ಟವರು. ಅನಂತರ ಒಂದು ದಿನ ಚಿತ್ರಗಳಲ್ಲಿ ಮಕ್ಕಳನ್ನು ಎಣಿಸೋಣವೆಂದು ತೋರಿತು. ಎಣಿಸಿ ನೋಡಿದೆವು. ಇಷ್ಟು ಮಂದಿ ಗಟ್ಟಿಮುಟ್ಟಾದ ಗಂಡಸರೂ ಹೆಂಗಸರೂ ಇರತಕ್ಕ ಊರಿನಲ್ಲಿ ಮಕ್ಕಳು ಅದೆಷ್ಟು ಕಡಿಮೆ!

ಕಾರಣವನ್ನು ಹುಡುಕಿದಾಗ, ಚಿತ್ರದಲ್ಲಿ ಬೀಳದಿದ್ದ ಸಂಗತಿ ತಿಳಿಯಿತು. ಆ ಊರಿನಲ್ಲಿ ‘ಎಂಟು ದಿನದ ಬೇನೆ’ ಎಂಬ ರೋಗವಿತ್ತು. ಕೂಸು ಹುಟ್ಟಿದಾಗ ಚೆನ್ನಾಗಿಯೇ ಇರುತ್ತಿತ್ತು. ನಾಲ್ಕೈದು ದಿನಗಳಾದಮೇಲೆ ಮೊಲೆ ಹಿಡಿಯುವುದನ್ನು ಬಿಡುತ್ತಿತ್ತು; ದವಡೆ ಕಚ್ಚಿಕೊಳ್ಳುತ್ತಿತ್ತು; ಎಂಟನೆಯ ದಿನದ ಸುಮಾರಿಗೆ ಪ್ರಾಣ ಹೋಗುತ್ತಿತ್ತು. ಇದು ಎಳೆಕೂಸುಗಳಿಗೆ ಹೊಕ್ಕುಳಬಳ್ಳಿಯ ಗಾಯದ ಮೂಲಕ ತಗಲುವ ಧನುರ್ವಾಯು. ಹತ್ತೊಂಬತ್ತನೆಯ ಶತಮಾನದ ಕೆಲವು ದಶಕಗಳಲ್ಲಿ ಅಲ್ಲಿ ಹುಟ್ಟಿದ ಶಿಶುಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು ಹೀಗೆಯೇ ತೀರಿಹೋದುವು. ದೇವರ ಇಚ್ಛೆಯೆಂದು ಜನರು ಸುಮ್ಮನಿದ್ದರು. ಕಡೆಗೆ ಆಂಗಸ್ ಫಿಡ್ಸ್ ಎಂಬ ಪಾದ್ರಿಯವರು ಗ್ಲಾಸ್ಗೋ ನಗರಕ್ಕೆ ಹೋಗಿ, ಹೊಕ್ಕುಳಬಳ್ಳಿಯನ್ನು ನಂಜು ತಗಲದಂತೆ ಶುಚಿಯಾಗಿ ಕತ್ತರಿಸಿ ಕಟ್ಟುವ ಕ್ರಮವನ್ನು ಕಲಿತು ಬಂದರು. ಹಳೆಯ ಪದ್ಧತಿಯವರ ವಿರೋಧವನ್ನು ಎದುರಿಸಿ ಅದನ್ನು ಆಚರಣೆಗೆ ತಂದರು. 1890ರ ದಶಕದ ಆರಂಭದಲ್ಲಿ ಆ ಬೇನೆ ದ್ವೀಪವನ್ನು ಬಿಟ್ಟು ತೊಲಗಿತು. ‘ಪಾರ್ಲಿಮೆಂಟಿ’ನ ಚಿತ್ರವನ್ನು ತೆಗೆದುದು ಅದಕ್ಕೆ ಮುಂಚೆ. ಆ ಸಾಲಿನಲ್ಲಿ ನಿಂತಿರುವವರಲ್ಲಿ ತಂದೆಯಾದವರು ಬಹುಮಟ್ಟಿಗೆ ಎಲ್ಲರೂ ಒಂದಲ್ಲ ಒಂದು ಕೂಸನ್ನು ಮಣ್ಣು ಮಾಡಿದವರೇ ಇರಬೇಕು. ಅವರ ಮುಖಗಳ ಗಾಂಭೀರ್ಯಕ್ಕೆ ಕ್ಯಾಮರಾದ ಮುಂದೆ ಅಲುಗಾಡಬಾರದೆಂಬ ನಿಯಮವೊಂದೇ ಕಾರಣವೆಂದು ನಾವು ಭಾವಿಸಿದ್ದೆವು. ಈಗ ಹಾಗೆ ಭಾವಿಸಲಾರೆವು.

ಆ ಊರಿನ ಬಾಳು ಎಷ್ಟು ತೆಳುವಾದ ಎಳೆಯಿಂದ ತೂಗುತ್ತಿತ್ತೆಂಬುದಕ್ಕೆ ಇನ್ನೂ ಹಿಂದಿನ ಒಂದು ನಿದರ್ಶನವುಂಟು. 1727ರಲ್ಲಿ ದ್ವೀಪಕ್ಕೆ ಸಿಡುಬು ಬಂದಿತು. ಅದೇ ಸಮಯದಲ್ಲಿ ಮೂವರು ಗಂಡಸರನ್ನೂ ಎಂಟು ಮಂದಿ ಹುಡುಗರನ್ನೂ ಹಕ್ಕಿ ಹಿಡಿಯುವುದಕ್ಕಾಗಿ ಸ್ಟಾಕ್ ಆನ್ ಆರ್ಮಿನ್ ಎಂಬ ಕಡಲಬಂಡೆಯ ಮೇಲೆ ಇಳಿಸಿ, ದೋಣಿ ಊರಿಗೆ ಹಿಂತಿರುಗಿತ್ತು. ಕೆಲವು ದಿನಗಳಲ್ಲಿ ಕರೆದುಕೊಂಡು ಹೋಗುವುದಾಗಿ ಮಾತು. ಆದರೆ ಊರಿನಲ್ಲಿ ಸಿಡುಬಿನಿಂದ ಸತ್ತವರು ಸತ್ತು, ದೋಣಿಗೆ ಹುಟ್ಟು ಹಾಕುವಷ್ಟು ಜನರೇ ಉಳಿಯಲಿಲ್ಲ. ಆ ಹನ್ನೊಂದು ಮಂದಿ ಹಕ್ಕಿ ಮೀನುಗಳನ್ನು ತಿಂದುಕೊಂಡು, ಚಳಿಗಾಲವನ್ನೆಲ್ಲ ಆ ಬಂಡೆಯ ಮೇಲೆಯೇ ಕಳೆದರು. ಮಾರನೆಯ ವರ್ಷ ಮೇ ತಿಂಗಳಿನಲ್ಲಿ ಒಡೆಯನ ಹಡಗು ಬಂದಾಗ ಅವರು ಊರನ್ನು ಸೇರಿದರು. ಹನ್ನೊಂದು ಮಂದಿಯೂ ಬದುಕಿದ್ದರು. ಊರು ಮಾತ್ರ ಬಹುಮಟ್ಟಿಗೆ ಬರಿದಾಗಿತ್ತು. ಬೇರೆ ದ್ವೀಪಗಳಿಂದ ಜನರನ್ನು ಕರೆತಂದು ಮತ್ತೆ ಊರನ್ನು ಕೂಡಿಸಬೇಕಾಯಿತು.

ಇನ್ನು, ಚಿತ್ರದಲ್ಲಿ ಬೀಳದೆ ಇರತಕ್ಕವನು ಮತ್ತೊಬ್ಬನುಂಟು. ಅವನು ಚಿತ್ರವನ್ನು ತೆಗೆದವನು. ಆತ ಅಲ್ಲಿಗೆ ಹೇಗೆ ಬಂದನು? 1877ರಿಂದ ಬೇಸಗೆಯಲ್ಲಿ ಪ್ರವಾಸಿಗಳನ್ನು ತುಂಬಿಕೊಂಡು ಹೊಗೆಹಡಗುಗಳು ಬರಲಾರಂಭಿಸಿದುವು. ಬಂದವರು ಕೆಲವು ಗಂಟೆಗಳ ಕಾಲ ಊರನ್ನು ಸುತ್ತಿ, ಮನೆಗಳ ಬಾಗಿಲಲ್ಲಿ ಇಣಿಕಿ, ಹಕ್ಕಿಯ ಮೊಟ್ಟೆಗಳನ್ನೂ ಉಣ್ಣೆಯ ಬಟ್ಟೆಯನ್ನೂ ಕೊಂಡು, ಬಂಡೆ ಹತ್ತಿ ತೋರಿಸಿದವರಿಗೆ ಕಾಸು ಕೊಟ್ಟು ಹೋಗುತ್ತಿದ್ದರು. ಹೀಗೆ ಬಂದವರ ಕೈಗೆ ಮಾರುವುದಕ್ಕಾಗಿಯೇ ವಿಲ್ಸನ್ ಮುಂತಾದವರ ಚಿತ್ರಗಳು ಸಿದ್ಧವಾದುವು. ಆದ್ದರಿಂದ ಆ ಚಿತ್ರಗಳಲ್ಲಿ ಹೊರಗಿನವರು ಏನನ್ನು ನೋಡಬೇಕೆಂದು ಬಯಸಿದರೋ ಅದೇ ಹೆಚ್ಚಾಗಿದೆ: ಗಡ್ಡ, ಬರಿಗಾಲು, ಹಗ್ಗ, ಹಕ್ಕಿ. ಚಿತ್ರ ಸುಳ್ಳು ಹೇಳಿತೆಂದು ನಾವು ಹೇಳುವುದಿಲ್ಲ. ಅದು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟಿತು.

ಹಡಗು ತಂದುದು ಪ್ರವಾಸಿಗಳನ್ನು ಮಾತ್ರವಲ್ಲ. ಹಡಗು ಬಂದುಹೋದ ಕೆಲವು ದಿನಗಳಲ್ಲಿ ಊರಿಗೆ ಊರೇ ನೆಗಡಿ ಕೆಮ್ಮುಗಳಿಂದ ಮಲಗುತ್ತಿತ್ತು. ಈ ಸಂಗತಿಯನ್ನು ಮಾರ್ಟಿನ್ ಮೊದಲೇ ಬರೆದಿದ್ದನು. ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಸಿದ್ಧರಾದ ಡಾಕ್ಟರ್ ಜಾನ್ಸನ್ ಅವರು ಇದನ್ನು ನಂಬದೆ, ಒಬ್ಬ ಪರದೇಶಿಯಿಂದ ಒಂದು ನೆಗಡಿ ಬರುವುದಾದರೆ ಇಬ್ಬರಿಂದ ಎರಡು ಬರಬೇಕಾಗುತ್ತದೆಂದು ಹಾಸ್ಯಮಾಡಿದರಂತೆ. ಆದರೆ ಹೊರಗಿನ ಸಂಪರ್ಕವಿಲ್ಲದ ಜನರಿಗೆ ಹೊರಗಿನ ಸೋಂಕು ಬೇಗ ತಗಲುವುದೆಂಬುದು ಈಗ ಯಾರಿಗೂ ಆಶ್ಚರ್ಯದ ವಿಷಯವಲ್ಲ. ಕೆಮ್ಮಿನ ಜೊತೆಗೆ ಹಣದ ರುಚಿಯೂ ಬಂದಿತು. ಹಿಟ್ಟು, ಚಹ, ಸಕ್ಕರೆಗಳ ರೂಢಿಯೂ ಬಂದಿತು. ಇನ್ನೊಂದು ದೊಡ್ಡ ವಸ್ತುವೂ ಬಂದಿತು, ಅದು ಹೋಲಿಕೆ. ಬೇರೆಯವರು ಹೇಗೆ ಬಾಳುತ್ತಾರೆಂಬುದನ್ನು ಕಂಡಮೇಲೆ ತಮ್ಮ ಬಾಳಿನ ಕಷ್ಟ ಹಿಂದಿಗಿಂತ ಭಾರವಾಗಿ ತೋರುವುದು ಮನುಷ್ಯಸ್ವಭಾವ. ನಾವು ಯಾವ ಬಾಳನ್ನು ಕಂಡು ಹಂಬಲಿಸುತ್ತೇವೆಯೋ ಆ ಬಾಳನ್ನು ಸವೆಯಿಸಿದ ಹಡಗಿನಲ್ಲಿಯೇ ಕ್ಯಾಮರಾ ಕೂಡ ಬಂದಿತೆಂಬುದನ್ನು ನೋಡುವವರು ಮರೆಯಬಾರದು.

ಹಾಗೆಂದು, ಹಡಗುಗಳು ಬಾರದೆ ಇದ್ದರೆ ಅವರು ಸುಖವಾಗಿದ್ದರೆಂದು ಹೇಳುವುದೂ ಸರಿಯಲ್ಲ. ಹೊರಲೋಕವನ್ನು ಕೂಗಿ ಕರೆಯಲು ಅವರೇ ಒಂದು ಉಪಾಯವನ್ನು ಇಟ್ಟುಕೊಂಡಿದ್ದರು. 1877ರ ಜನವರಿಯಲ್ಲಿ ಆಸ್ಟ್ರಿಯಾ ದೇಶದ ಹಡಗೊಂದು ಅಲ್ಲಿ ಒಡೆದು, ಅದರ ನಾವಿಕರು ದ್ವೀಪವಾಸಿಗಳ ಅತಿಥಿಗಳಾಗಿ ಉಳಿದರು. ಇರುವ ಧಾನ್ಯ ಎಲ್ಲರಿಗೂ ಸಾಲದು. ಆಗ ಅಲ್ಲಿ ತಂಗಿದ್ದ ಜಾನ್ ಸ್ಯಾಂಡ್ಸ್ ಎಂಬ ಪತ್ರಿಕೋದ್ಯೋಗಿ ತೇಲುವ ಬಳೆಯೊಂದಕ್ಕೆ ಪತ್ರವನ್ನು ಕಟ್ಟಿ ಸಮುದ್ರಕ್ಕೆ ಬಿಟ್ಟನು. ಅದು ಕೆಲವೇ ದಿನಗಳಲ್ಲಿ ಆರ್ಕ್ನಿ ದ್ವೀಪಗಳ ದಡವನ್ನು ಮುಟ್ಟಿ, ಸಹಾಯಕ್ಕೆ ಹಡಗು ಬಂದಿತು. ಅಂದಿನಿಂದ ದ್ವೀಪದವರು ಮರದ ತುಂಡನ್ನು ಪುಟ್ಟ ದೋಣಿಯಂತೆ ಕೆತ್ತಿ, ಒಳಗೆ ಪತ್ರವನ್ನಿಟ್ಟು, ಕುರಿಯ ಮೂತ್ರಕೋಶವನ್ನು ಊದಿ ತೇಲುವುದಕ್ಕಾಗಿ ಕಟ್ಟಿ, ಗಾಳಿ ನೋಡಿ ಬಿಡುತ್ತಿದ್ದರು. ಹೀಗೆ ಬಿಡುತ್ತಿರುವ ಚಿತ್ರವೂ ಉಂಟು. 1912ರಲ್ಲಿ ಆಹಾರಕ್ಕೆ ಅಭಾವವಾದಾಗ, ಮಾರನೆಯ ವರ್ಷ ಲಂಡನಿನ ಒಂದು ವೃತ್ತಪತ್ರಿಕೆಯವರು ಅಲ್ಲಿಗೆ ತಂತಿಯಿಲ್ಲದ ವಾರ್ತಾಯಂತ್ರವನ್ನು ಕೊಡಿಸಿದರು. ಅದು ಬಹುಕಾಲ ನಡೆಯಲಿಲ್ಲ. ಮನೆಯ ಮೂಲೆಯಲ್ಲಿ ಕುಳಿತು ದೂರದ ಧ್ವನಿಯನ್ನು ಕೇಳುವ ನಮಗೆ, ಮರದ ತುಂಡಿನಲ್ಲಿ ಪತ್ರವನ್ನಿಟ್ಟು ಕಡಲಿಗೆ ಬಿಟ್ಟು ಕಾದವರ ಮನಸ್ಸನ್ನು ಊಹಿಸುವುದು ಕಷ್ಟ.

ಜನರು ಕಡಿಮೆಯಾದುದು ಒಂದೇ ಸಲಕ್ಕಲ್ಲ. 1852ರಲ್ಲಿ 36 ಮಂದಿ ಆಸ್ಟ್ರೇಲಿಯಕ್ಕೆ ವಲಸೆ ಹೊರಟರು. ಅವರಲ್ಲಿ ಅನೇಕರು ದಾರಿಯಲ್ಲಿಯೇ ತೀರಿಹೋದರು. ಉಳಿದ ಊರು ಆ ನಷ್ಟದಿಂದ ಚೇತರಿಸಿಕೊಳ್ಳಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ನೌಕಾದಳದವರು ಅಲ್ಲಿ ಠಾಣ್ಯ ಹಾಕಿದರು. 1918ರ ಮೇ ತಿಂಗಳಿನಲ್ಲಿ ಜರ್ಮನರ ಜಲಾಂತರ್ಗಾಮಿಯೊಂದು ಬಂದು ಊರಿನ ಮೇಲೆ ಗುಂಡು ಹಾರಿಸಿತು; ದೈವವಶಾತ್ ಜನರಿಗೆ ಅಪಾಯವಾಗಲಿಲ್ಲ. ಯುದ್ಧ ಮುಗಿದಮೇಲೆ ತರುಣರು ಒಬ್ಬೊಬ್ಬರಾಗಿ ದುಡಿಮೆಯನ್ನರಸಿ ಹೊರಟರು. 1921ರಲ್ಲಿ 73 ಮಂದಿ ಇದ್ದರು; 1928ರ ವೇಳೆಗೆ 40ಕ್ಕಿಂತ ಕಡಿಮೆ. ಇಲ್ಲಿ ಒಂದು ಮುಖ್ಯವಾದ ಅಂಶವಿದೆ. ಹಗ್ಗ ಹಿಡಿಯಲು, ದೋಣಿ ನಡೆಸಲು, ಕುರಿ ಕೂಡಿಸಲು ಇಷ್ಟು ತೋಳುಗಳು ಬೇಕೆಂಬ ಲೆಕ್ಕವುಂಟು. ಎಲ್ಲರೂ ಸೇರಿ ಬಾಳುವ ಬಾಳಿನಲ್ಲಿ ಒಬ್ಬ ಹೊರಟುಹೋದರೆ ಒಂದು ಮನೆಗೆ ಮಾತ್ರವಲ್ಲದೆ ಊರಿಗೇ ಕೊರತೆ. ನಾವು ಚಿತ್ರದಲ್ಲಿ ಮೆಚ್ಚಿಕೊಂಡ ಆ ಒಗ್ಗಟ್ಟೇ ಜನ ಕಡಿಮೆಯಾದಾಗ ಅವರ ದೌರ್ಬಲ್ಯವೂ ಆಯಿತು.

1930ರ ಜನವರಿಯಲ್ಲಿ ಊರಿನ ಒಬ್ಬ ತರುಣಿ ಕಾಯಿಲೆಯಿಂದ ನರಳಿದಳು. ಹವಾಮಾನ ಕೆಟ್ಟಿದ್ದುದರಿಂದ ಆಕೆಯನ್ನು ಮುಖ್ಯಭೂಮಿಗೆ ಸಾಗಿಸುವುದು ತಡವಾಯಿತು. ಕಡೆಗೆ ಗ್ಲಾಸ್ಗೋ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆ ಚಳಿಗಾಲ ಊರಿನವರ ಮನಸ್ಸನ್ನು ಮುರಿಯಿತು. ಅಲ್ಲಿ ಕೆಲಸದಲ್ಲಿದ್ದ ದಾದಿಯೊಡನೆ ಆಲೋಚಿಸಿ, ಮೇ ತಿಂಗಳ 10ನೆಯ ತಾರೀಖು, ತಮ್ಮನ್ನು ಇಲ್ಲಿಂದ ಬೇರೆ ಕಡೆಗೆ ಸಾಗಿಸಬೇಕೆಂದು ಸರ್ಕಾರಕ್ಕೆ ಬಿನ್ನವತ್ತಳೆಯನ್ನು ಬರೆದು ರುಜು ಹಾಕಿದರು. ದಿನವೂ ಹಾದಿಯಲ್ಲಿ ಕೂಡಿ ಹಗ್ಗ ದೋಣಿಗಳ ವಿಷಯವನ್ನು ನಿರ್ಣಯಿಸುತ್ತಿದ್ದ ಊರು, ಕಡೆಯ ಬಾರಿಗೆ ಕೂಡಿ ನಿರ್ಣಯಿಸಿದುದು ಇದನ್ನು. ಯಾರೂ ಅವರನ್ನು ಸೈನ್ಯ ಕಳುಹಿಸಿ ಓಡಿಸಲಿಲ್ಲ. ಅವರೇ ಯೋಚಿಸಿ, ಅಳುತ್ತ ಅಳುತ್ತ, ಹೊರಡುವುದೆಂದು ಒಪ್ಪಿದರು. ನಮ್ಮ ಹಳಹಳಿಕೆಯು ಗೌರವಿಸಬೇಕಾದ ಮೊದಲನೆಯ ಸಂಗತಿಯೆಂದರೆ ಇದೇ.

ಆ ಬೇಸಗೆಯ ಚಿತ್ರಗಳಲ್ಲಿ ಕುರಿಗಳನ್ನು ಹಿಡಿದು ದೋಣಿಗೆ ಏರಿಸುತ್ತಿದ್ದಾರೆ. ಸಾಮಾನುಗಳನ್ನು ಕಟ್ಟಿ ಕಟ್ಟೆಯ ಬಳಿಗೆ ಹೊರುತ್ತಿದ್ದಾರೆ. ನಾಯಿಗಳನ್ನು ಕರೆದೊಯ್ಯುವಂತಿರಲಿಲ್ಲ, ಅವುಗಳನ್ನು ಕೊರಳಿಗೆ ಕಲ್ಲು ಕಟ್ಟಿ ಕಡಲಿಗೆ ಹಾಕಿದರು. ಆಗಸ್ಟ್ 29ರ ಬೆಳಿಗ್ಗೆ, ಮನೆಮನೆಯಲ್ಲಿಯೂ ಬೈಬಲನ್ನು ತೆರೆದಿಟ್ಟು, ಪಕ್ಕದಲ್ಲಿ ಒಂದು ಹಿಡಿ ಓಟು ಧಾನ್ಯವನ್ನಿರಿಸಿ, ಬಾಗಿಲು ಹಾಕಿಕೊಂಡು 36 ಮಂದಿಯೂ ಹೇರ್‌ಬೆಲ್ ಎಂಬ ಸರ್ಕಾರದ ಹಡಗನ್ನು ಹತ್ತಿದರು. 1852ರಲ್ಲಿ ಹೊರಟವರ ಸಂಖ್ಯೆಯೂ, ಕಡೆಗೆ ಹೊರಟವರ ಸಂಖ್ಯೆಯೂ ಒಂದೇ ಆದುದು ಕಾಕತಾಳೀಯ.

ಬಹುಮಂದಿಗೆ ಮಾರ್ವರ್ನ್ ಪ್ರಾಂತದಲ್ಲಿ ನೆಲೆ ದೊರೆಯಿತು. ಗಂಡಸರಿಗೆ ಸರ್ಕಾರ ಕೊಟ್ಟ ಕೆಲಸ ಅರಣ್ಯ ಇಲಾಖೆಯಲ್ಲಿ! ಮರವೇ ಇಲ್ಲದ ಊರಿನಿಂದ ಬಂದವರು ಮರ ನೆಡುವ ಕೆಲಸಕ್ಕೆ ನಿಂತರು. ಮಕ್ಕಳು ಬೇಗ ಹೊಂದಿಕೊಂಡರು. ಮುದುಕರಿಗೆ ಅದು ಸಾಧ್ಯವಾಗಲಿಲ್ಲ. ಕೆಲವರು ಬೇಸಗೆಯಲ್ಲಿ ಕೆಲವು ಕಾಲ ದ್ವೀಪಕ್ಕೆ ಹೋಗಿ ತಮ್ಮ ಮನೆಗಳಲ್ಲಿ ಇದ್ದು ಬರುತ್ತಿದ್ದರು. ಎರಡನೆಯ ಮಹಾಯುದ್ಧ ಅದನ್ನೂ ನಿಲ್ಲಿಸಿತು. ವರ್ಷಗಳು ಕಳೆದಮೇಲೆ, ಅಲ್ಲಿದ್ದ ಶಾಂತಿ ಮತ್ತೆಲ್ಲಿಯೂ ದೊರೆಯಲಿಲ್ಲವೆಂದು ಅವರಲ್ಲಿ ಕೆಲವರು ನೆನೆದರು. ಹೀಗೆ ನೆನೆಯುವ ಹಕ್ಕು ಅವರಿಗಿತ್ತು. ಅವರು ಶಾಂತಿಯನ್ನೂ ಬಲ್ಲವರು, ಎಂಟು ದಿನದ ಬೇನೆಯ ಕಥೆಯನ್ನೂ ತಾಯಂದಿರ ಬಾಯಿಂದ ಕೇಳಿದವರು. ಎರಡನ್ನೂ ತಿಳಿದು ಪಟ್ಟ ಹಂಬಲ ಅವರದು. ಒಂದನ್ನೇ ನೋಡಿ ಪಟ್ಟ ಹಂಬಲ ನಮ್ಮದು.

ದ್ವೀಪವು ಮ್ಯಾಕ್ಲಿಯಡ್ ಮನೆತನದಿಂದ ಬೇರೊಬ್ಬ ಪ್ರಭುವಿನ ಕೈ ಸೇರಿ, 1957ರಲ್ಲಿ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟಿಗೆ ಬಂದಿತು. ಪಕ್ಷಿಗಳಿಗಾಗಿಯೂ ನಿಸರ್ಗಕ್ಕಾಗಿಯೂ 1986ರಲ್ಲಿ, ಜನರು ಬಿಟ್ಟುಹೋದ ಸಂಸ್ಕೃತಿಯ ಗುರುತಿಗಾಗಿ 2005ರಲ್ಲಿ, ಅದಕ್ಕೆ ವಿಶ್ವಪರಂಪರೆಯ ಸ್ಥಾನ ದೊರೆಯಿತು. ಎಂಟನೆಯ ವಯಸ್ಸಿನಲ್ಲಿ ಆ ಹಡಗನ್ನು ಹತ್ತಿದ್ದ ಹುಡುಗಿ, ದ್ವೀಪದಲ್ಲಿ ಹುಟ್ಟಿದವರಲ್ಲಿ ಕಡೆಯವರಾಗಿ, 2016ರಲ್ಲಿ ತಮ್ಮ 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಈಗ ಆ ಚಿತ್ರಗಳನ್ನು ತೋರಿಸಿ ‘ಇವರು ಯಾರು?’ ಎಂದರೆ, ಕಂಡು ಗುರುತಿಸಿ ಹೇಳತಕ್ಕವರು ಯಾರೂ ಇಲ್ಲ.

ಹಾಗಾದರೆ ಹಳೆಯ ಚಿತ್ರಗಳನ್ನು ನೋಡಿ ಹಳಹಳಿಸುವುದು ತಪ್ಪೇ? ತಪ್ಪೆಂದು ನಾವು ಹೇಳಲಾರೆವು. ಆ ಮಿಡಿತವಿಲ್ಲದಿದ್ದರೆ ಮಕ್ಕಳನ್ನು ಎಣಿಸೋಣವೆಂದು ನಮಗೆ ತೋರುತ್ತಲೇ ಇರಲಿಲ್ಲ. ಹಳಹಳಿಕೆ ಒಂದು ಬಾಗಿಲು. ಅಲ್ಲಿಯೇ ನಿಂತು ನಿಟ್ಟುಸಿರು ಬಿಟ್ಟು ಹಿಂತಿರುಗುವುದು ಸುಲಭ. ಒಳಗೆ ಹೋಗಿ, ಇವರು ಏನನ್ನು ಉಂಡರು, ಏನಕ್ಕೆ ಅತ್ತರು, ಏಕೆ ಹೊರಟರು ಎಂದು ವಿಚಾರಿಸುವುದು ಅವರಿಗೆ ನಾವು ಸಲ್ಲಿಸಬೇಕಾದ ಮರ್ಯಾದೆ. ಅವರು ನಮ್ಮ ಕಣ್ಣಿಗೆ ಚೆಂದವಾಗಿರಲೆಂದು ಆ ಬಂಡೆಯ ಮೇಲೆಯೇ ಉಳಿಯಬೇಕಾಗಿತ್ತೆಂದು ಬಯಸುವುದು ಮರ್ಯಾದೆಯಲ್ಲ.

ಮಾರುವುದಕ್ಕಾಗಿ ತೆಗೆದ ಎಷ್ಟೋ ಚಿತ್ರಗಳ ಕೆಳಗೆ ದ್ವೀಪದ ಹೆಸರಿದೆ, ನಿಂತವರ ಹೆಸರಿಲ್ಲ. ಈಗ ಆ ಊರಿನ ಪಾಳುಮನೆಗಳಲ್ಲಿ, ಕಡೆಯವರೆಗೆ ಅಲ್ಲಿ ಬಾಳಿದವರ ಹೆಸರುಗಳನ್ನು ಕಲ್ಲಿನ ಮೇಲೆ ಬರೆದಿಟ್ಟಿದ್ದಾರೆಂದು ಓದಿದಾಗ ನಮಗೆ ಸಮಾಧಾನವಾಯಿತು. ಶ್ರೋತೃಗಳಲ್ಲಿ ನಮ್ಮದೊಂದು ಚಿಕ್ಕ ಬಿನ್ನಹ. ನಾವು ಮೊದಲಲ್ಲಿ ಹೇಳಿದ ನಡುಮನೆಯ ಚಿತ್ರ ನಿಮ್ಮಲ್ಲಿದ್ದರೆ, ಅದನ್ನು ಗೋಡೆಯಿಂದ ಕೆಳಗಿಳಿಸಿರಿ. ಬಲ್ಲ ಹಿರಿಯರು ಇನ್ನೂ ಇರುವಾಗಲೇ, ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರನ್ನೂ ಕೇಳಿ ಹಿಂಬದಿಯಲ್ಲಿ ಬರೆಯಿರಿ. ಸಾಧ್ಯವಾದರೆ, ಚಿತ್ರ ತೆಗೆಯುವುದಕ್ಕೆ ಮೊದಲೇ ತೀರಿಹೋದ ಕೂಸುಗಳ ಹೆಸರುಗಳನ್ನೂ ಕೇಳಿ ಬರೆಯಿರಿ. ಆಮೇಲೆ ಮತ್ತೆ ಗೋಡೆಗೆ ಹಾಕಿರಿ. ಚಿತ್ರ ಮೊದಲಿನದೇ ಆಗಿರುತ್ತದೆ. ಆದರೆ ಅದರ ಮುಂದೆ ನಿಲ್ಲುವಾಗ, ನಾವು ಯಾರನ್ನು ನೋಡುತ್ತಿದ್ದೇವೆಂಬುದು ನಮಗೆ ತಿಳಿದಿರುತ್ತದೆ.